ಬದಲಾವಣೆ ತರ್ತೀನಿ ಅಂದವರು ತಂದರಾ? 1983ರ ಹೆಗಡೆ ಸರ್ಕಾರದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದಲ್ಲಿ ಹೊಸ ಮುಖ್ಯಮಂತ್ರಿ ಪ್ರಮಾಣವಚನ ತಗೊಂಡ ಕೂಡಲೇ ಎಲ್ಲೋ ಒಂದು ಕಡೆ ರಾಮಕೃಷ್ಣ ಹೆಗಡೆಯವರ ಹೆಸರು ಬರುತ್ತದೆ. ಹಿರಿಯರು "ಆಗ ನೋಡಬೇಕಿತ್ತು" ಅನ್ನುತ್ತಾರೆ. ಚಿಕ್ಕವರು "ಅವರು ಮಾಡಿದ್ದಾದರೂ ಏನು?" ಅಂತ ಕೇಳುತ್ತಾರೆ. ಮಾತುಕತೆಯಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಇಂಥ ಪ್ರಶ್ನೆಗಳನ್ನು, ಕೇಳಿದವರ ಮಾತಿನಲ್ಲೇ, ಇಲ್ಲಿ ಒಟ್ಟು ಮಾಡಿದ್ದೇನೆ. ಯಾವುದನ್ನಾದರೂ ಬಿಡಿಯಾಗಿ ಓದಬಹುದು.

## ಮೊದಲಿಗೆ ತಿಳಿಯಬೇಕಾದದ್ದು

ಹೆಗಡೆ ಗೆದ್ದಿದ್ದು ಅಷ್ಟು ದೊಡ್ಡ ಸುದ್ದಿ ಯಾಕಾಯ್ತು?

1956ರಲ್ಲಿ ರಾಜ್ಯ ಒಂದಾದಾಗಿನಿಂದ ಇಲ್ಲಿ ಆಳಿದ್ದು ಕಾಂಗ್ರೆಸ್, ಇಲ್ಲವೇ ಕಾಂಗ್ರೆಸ್ಸಿನ ಯಾವುದಾದರೊಂದು ಬಣ. ದೇಶದಲ್ಲಿ 1977ರ ಗಾಳಿ ಬೀಸಿದಾಗಲೂ ಕರ್ನಾಟಕ ಅಲುಗಾಡಿರಲಿಲ್ಲ. ಅಂಥ ರಾಜ್ಯದಲ್ಲಿ 1983ರ ಜನವರಿ 10ರಂದು ಮೊದಲ ಕಾಂಗ್ರೆಸ್ಸೇತರ ಮುಖ್ಯಮಂತ್ರಿಯಾಗಿ ಹೆಗಡೆ ಪ್ರಮಾಣವಚನ ತಗೊಂಡರು.

ಬಹುಮತ ಮಾತ್ರ ಇರಲಿಲ್ಲ. 224 ಸ್ಥಾನಗಳಲ್ಲಿ ಜನತಾ ಪಕ್ಷ ಮತ್ತು ಮಾಜಿ ಮುಖ್ಯಮಂತ್ರಿ ದೇವರಾಜ ಅರಸು ಕಟ್ಟಿದ್ದ ಕ್ರಾಂತಿರಂಗ ಸೇರಿ ಗೆದ್ದಿದ್ದು 95. ಬಿಜೆಪಿಯ 18 ಶಾಸಕರು ಹೊರಗಿನಿಂದ ಬೆಂಬಲ ಕೊಟ್ಟರು, ಎಡಪಕ್ಷಗಳೂ ಕೊಟ್ಟವು. ಬಿಜೆಪಿಯವರೂ ಕಮ್ಯುನಿಸ್ಟರೂ ಒಂದೇ ಸರ್ಕಾರವನ್ನು ಎತ್ತಿ ಹಿಡಿದಿದ್ದರು ಅಂದರೆ ಈಗಿನ ಹುಡುಗರು ನಂಬೋದೇ ಇಲ್ಲ. ಅಧಿಕಾರದಲ್ಲಿದ್ದ ಕಾಂಗ್ರೆಸ್ ಮುಖ್ಯಮಂತ್ರಿ ಗುಂಡೂರಾವ್ ತಮ್ಮ ಸೋಮವಾರಪೇಟೆಯಲ್ಲೇ ಸೋತಿದ್ದರು.

ಹೆಗಡೆಯವರನ್ನು ಜನ ನೇರವಾಗಿ ಆರಿಸಿದ್ದರಾ?

ಇಲ್ಲ. ಆ ಚುನಾವಣೆಯಲ್ಲಿ ಅವರು ನಿಂತೇ ಇರಲಿಲ್ಲ. ಎಸ್. ಬಂಗಾರಪ್ಪ, ಎಸ್.ಆರ್. ಬೊಮ್ಮಾಯಿ, ಎಚ್.ಡಿ. ದೇವೇಗೌಡ, ಎಲ್ಲರ ಕಣ್ಣೂ ಆ ಕುರ್ಚಿಯ ಮೇಲಿತ್ತು. ಒಬ್ಬರನ್ನು ಇನ್ನೊಬ್ಬರು ಒಪ್ಪದೆ, ದೆಹಲಿಯಲ್ಲಿ ಪಕ್ಷದ ಕೆಲಸ ನೋಡಿಕೊಂಡಿದ್ದ ಹೆಗಡೆಯವರ ಹೆಸರು ಮುಂದೆ ಬಂತು. ಆಮೇಲೆ ಕನಕಪುರದ ಉಪಚುನಾವಣೆಯಲ್ಲಿ ಗೆದ್ದು ಅವರು ವಿಧಾನಸಭೆಗೆ ಬಂದರು. ಅವರಿಗೆ ಮುಂದೆ ಎದುರಾದ ಅರ್ಧ ತಾಪತ್ರಯದ ಬೇರು ಇಲ್ಲೇ ಇದೆ: ಕುರ್ಚಿ ಕೈತಪ್ಪಿದವರು ಪಕ್ಕದಲ್ಲೇ ಕೂತಿದ್ದರು.

ಜನ ಬದಲಾವಣೆ ಕೇಳಿದ್ದು ಯಾತಕ್ಕೆ?

ಮೂರು ಸಿಟ್ಟು ಒಟ್ಟಿಗೆ ಸೇರಿದವು. 1980ರಲ್ಲಿ ನರಗುಂದ, ನವಲಗುಂದದ ರೈತರು ನೀರಾವರಿ ಕರದ ವಿರುದ್ಧ ಎದ್ದರು, ಪೊಲೀಸರು ಗುಂಡು ಹಾರಿಸಿದರು. ಅಲ್ಲಿಂದ ರೈತ ಚಳವಳಿ ರಾಜ್ಯಕ್ಕೆಲ್ಲ ಹಬ್ಬಿತು. 1982ರಲ್ಲಿ, ಶಾಲೆಯಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೊಡಿ ಅಂದ ಗೋಕಾಕ್ ವರದಿ ಜಾರಿಯಾಗಲಿ ಅಂತ ಡಾ. ರಾಜ್‌ಕುಮಾರ್ ಬೀದಿಗೆ ಇಳಿದರು. ಇನ್ನೊಂದು ಕಡೆ, ಇಂದಿರಾ ಗಾಂಧಿಯವರಿಂದ ದೂರವಾಗಿದ್ದ ದೇವರಾಜ ಅರಸು ತೀರಿಕೊಂಡ ಮೇಲೆ ಅವರ ಬೆನ್ನಿಗಿದ್ದ ಹಿಂದುಳಿದ ವರ್ಗಗಳ ಒಂದು ದೊಡ್ಡ ಪಾಲು ಕ್ರಾಂತಿರಂಗದ ಕಡೆ ಬಂತು. ಹೆಗಡೆ ಮೇಲಿನ ಪ್ರೀತಿಗಿಂತ ಆಗಿನ ಸರ್ಕಾರದ ಮೇಲಿನ ಬೇಸರಕ್ಕೆ ಬಿದ್ದ ಓಟು ಜಾಸ್ತಿ.

ಅವರು ಕೊಟ್ಟ ಮಾತು ಏನೇನು?

ಹಳ್ಳಿಗೆ ಅಧಿಕಾರ, ಕೈ ಶುದ್ಧವಿರುವ ಆಡಳಿತ, ಆಡಳಿತದಲ್ಲಿ ಕನ್ನಡ. ಇವುಗಳ ಮೇಲೆ ಹೊದಿಸಿದ ದೊಡ್ಡ ಮಾತು "ಮೌಲ್ಯಾಧಾರಿತ ರಾಜಕಾರಣ". ಕೊನೆಯದನ್ನು ಅಳೆಯುವ ಕೋಲು ಯಾರ ಹತ್ತಿರವೂ ಇಲ್ಲ. ಹಾಗಾಗಿ ಅದು ಅವರಿಗೆ ಕಿರೀಟವೂ ಆಯಿತು, ಕುತ್ತಿಗೆಗೆ ಉರುಳೂ ಆಯಿತು.

## ಮಾಡಿದ ಕೆಲಸ

ನಮ್ಮಪ್ಪ ಈಗಲೂ "ಮಂಡಲ ಪಂಚಾಯ್ತಿ" ಅಂತಾರೆ. ಏನದು?

ಹೆಗಡೆ ಸರ್ಕಾರದ ಅತಿ ದೊಡ್ಡ ಕೆಲಸ ಅದೇ. ಹತ್ತು ಸಾವಿರ ಜನಕ್ಕೊಂದರ ಲೆಕ್ಕದಲ್ಲಿ, ಕೆಲವು ಹಳ್ಳಿ ಸೇರಿಸಿ ಒಂದು ಮಂಡಲ ಪಂಚಾಯ್ತಿ. ಅದರ ಮುಖ್ಯಸ್ಥರಿಗೆ ಪ್ರಧಾನ ಅಂತ ಹೆಸರು. ಜಿಲ್ಲೆಗೆ ಒಂದು ಜಿಲ್ಲಾ ಪರಿಷತ್ತು. ನಡುವೆ ಶಾಸಕರ ಅಧ್ಯಕ್ಷತೆಯ ತಾಲ್ಲೂಕು ಪಂಚಾಯ್ತಿ ಸಮಿತಿ. ಅದಕ್ಕೆ ಸಲಹೆ ಕೊಡೋದು ಬಿಟ್ಟರೆ ಹೆಚ್ಚಿನ ಅಧಿಕಾರ ಇರಲಿಲ್ಲ.

ತಾಕತ್ತಿದ್ದದ್ದು ಜಿಲ್ಲಾ ಪರಿಷತ್ತಿಗೆ. ಶಾಲೆ, ಆಸ್ಪತ್ರೆ, ಕೃಷಿ, ಪಶುಸಂಗೋಪನೆ, ಕುಡಿಯುವ ನೀರು, ಹೀಗೆ ಜಿಲ್ಲೆಯ ಮಟ್ಟದ ಬಹುಪಾಲು ಇಲಾಖೆಗಳು ಸಿಬ್ಬಂದಿ ಸಮೇತ ಅದರ ಕೆಳಗೆ ಬಂದವು. ಅಧ್ಯಕ್ಷರಿಗೆ ರಾಜ್ಯ ಸಚಿವರ ಸ್ಥಾನಮಾನ. ಪರಿಷತ್ತಿನ ಮುಖ್ಯ ಕಾರ್ಯದರ್ಶಿ ಜಿಲ್ಲಾಧಿಕಾರಿಗಿಂತ ಹಿರಿಯ ಐಎಎಸ್ ಅಧಿಕಾರಿ. ನಮ್ಮ ಊರುಗಳಲ್ಲಿ ಡೀಸಿ ಸಾಹೇಬರು ಅಂದರೆ ಏನು ಅಂತ ಗೊತ್ತಿದ್ದವರಿಗೆ ಇದರ ತೂಕ ಗೊತ್ತಾಗುತ್ತದೆ. ಬ್ರಿಟಿಷರ ಕಾಲದಿಂದ ಜಿಲ್ಲೆಯ ದೊರೆಯಾಗಿದ್ದ ಹುದ್ದೆಯನ್ನು ಪಕ್ಕಕ್ಕೆ ಸರಿಸಿ, ಜನ ಆರಿಸಿದವರ ಕೆಳಗೆ ಅದಕ್ಕಿಂತ ದೊಡ್ಡ ಅಧಿಕಾರಿಯನ್ನು ಕೂರಿಸಿದ್ದರು.

ಮಹಿಳೆಯರಿಗೆ ಶೇ. 25 ಸ್ಥಾನ ಮೀಸಲು. ದೇಶದಲ್ಲಿ ಅದು ಇನ್ನೂ ಅಪರೂಪವಾಗಿದ್ದ ಹೊತ್ತದು. ಸಾವಿರಾರು ಹೆಣ್ಣುಮಕ್ಕಳು ಮೊದಲ ಸಲ ಸಭೆಯ ಕುರ್ಚಿಯಲ್ಲಿ ಕೂತರು. ಕೆಲವು ಕಡೆ ಅವರ ಹಿಂದೆ ಗಂಡ ನಿಂತಿದ್ದ, ನಿಜ. ಇನ್ನು ಕೆಲವು ಕಡೆ ಆತ ಹೊರಗಡೆ ಕಾಯಬೇಕಾಯಿತು.

ಗೆದ್ದ ಮರುದಿನವೇ ಇದನ್ನೆಲ್ಲ ಮಾಡಿಬಿಟ್ಟರಾ?

ಎಲ್ಲಿ ಬಂತು! ಮಸೂದೆ ತಂದದ್ದು 1983ರಲ್ಲೇ. ರಾಷ್ಟ್ರಪತಿಯವರ ಒಪ್ಪಿಗೆ ಬಂದದ್ದು 1985ರಲ್ಲಿ. ಚುನಾವಣೆ ನಡೆದದ್ದು 1987ರ ಜನವರಿಯಲ್ಲಿ. ಮೊದಲ ದಿನದ ಭರವಸೆ ಹಳ್ಳಿಗೆ ಮುಟ್ಟಲು ನಾಲ್ಕು ವರ್ಷ ಹಿಡಿಯಿತು. ನಡುವೆ ಮಧ್ಯಂತರ ಚುನಾವಣೆಯಲ್ಲಿ ಹೆಗಡೆ ಸೋತಿದ್ದರೆ ಮಂಡಲ ಪಂಚಾಯ್ತಿ ಅನ್ನೋ ಮಾತೇ ನಿಮ್ಮ ಅಪ್ಪನ ಬಾಯಲ್ಲಿ ಇರುತ್ತಿರಲಿಲ್ಲ. ಹೊಸ ಸರ್ಕಾರಕ್ಕೆ ನೂರು ದಿನದಲ್ಲೇ ಅಂಕ ಕೊಡುವವರು ಈ ಲೆಕ್ಕವನ್ನು ಒಮ್ಮೆ ನೋಡಬೇಕು.

ಅದೆಲ್ಲ ನಜೀರ್ ಸಾಬ್ ಮಾಡಿದ್ದು. ಹೆಗಡೆಗೆ ಯಾಕೆ ಹೆಸರು?

ಈ ಪ್ರಶ್ನೆಯಲ್ಲಿ ನ್ಯಾಯವಿದೆ. ಅಬ್ದುಲ್ ನಜೀರ್ ಸಾಬ್ ಗುಂಡ್ಲುಪೇಟೆಯವರು, ಗ್ರಾಮೀಣಾಭಿವೃದ್ಧಿ ಮಂತ್ರಿ. ಬರಗಾಲದಲ್ಲಿ ಹಳ್ಳಿ ಹಳ್ಳಿಗೆ ಬೋರ್‌ವೆಲ್ ಕೊರೆಸಿದ್ದಕ್ಕೆ ಜನ ಅವರನ್ನು "ನೀರ್ ಸಾಬ್" ಅಂತಲೇ ಕರೆದರು. ಪಂಚಾಯ್ತಿ ಕಾಯ್ದೆಯ ಹಿಂದಿನ ಜೀವವೂ ಅವರೇ. 1988ರ ಅಕ್ಟೋಬರಿನಲ್ಲಿ ತೀರಿಕೊಂಡರು. ಮೈಸೂರಿನ ಗ್ರಾಮೀಣಾಭಿವೃದ್ಧಿ ಸಂಸ್ಥೆಗೆ ಅವರ ಹೆಸರಿದೆ.

ಹೆಗಡೆಯವರ ಪಾಲು ಬೇರೆ ಥರದ್ದು. ಶಾಸಕರು, ಮಂತ್ರಿಗಳು, ಅಧಿಕಾರಿಗಳು, ಯಾರಿಗೂ ಈ ಕಾಯ್ದೆ ಒಳಗೊಳಗೇ ಇಷ್ಟವಿರಲಿಲ್ಲ. ಕೈಯಲ್ಲಿದ್ದದ್ದನ್ನು ಕೊಟ್ಟುಬಿಡಿ ಅಂದರೆ ಯಾರಿಗೆ ತಾನೇ ಇಷ್ಟ? ಅಷ್ಟು ಜನರ ಗೊಣಗಾಟವನ್ನು ತಡೆದುಕೊಂಡು ಒಬ್ಬ ಮಂತ್ರಿಯ ಬೆನ್ನಿಗೆ ನಿಲ್ಲೋದು ಮುಖ್ಯಮಂತ್ರಿಯ ಕೆಲಸ. ಅದನ್ನು ಅವರು ಮಾಡಿದರು.

ಲೋಕಾಯುಕ್ತ ತಂದಿದ್ದೂ ಇವರೇನಾ? ಲಂಚ ಕಮ್ಮಿ ಆಯ್ತಾ?

ಹೌದು, ಇವರೇ. 1984ರ ಕಾಯ್ದೆ. ಸಂಸ್ಥೆ ಕೆಲಸ ಶುರು ಮಾಡಿದ್ದು 1986ರಲ್ಲಿ. ಸುಪ್ರೀಂ ಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಎ.ಡಿ. ಕೋಶಲ್ ಮೊದಲ ಲೋಕಾಯುಕ್ತರು. ಮುಖ್ಯಮಂತ್ರಿಯನ್ನೂ ಅದರ ವ್ಯಾಪ್ತಿಗೆ ತಂದದ್ದು ದೊಡ್ಡ ಮಾತು. ತನ್ನನ್ನೇ ಪ್ರಶ್ನಿಸುವ ಕಚೇರಿಯನ್ನು ತಾನೇ ತೆರೆಯೋದು ಯಾವ ಕಾಲದಲ್ಲೂ ಅಪರೂಪವೇ.

ಲಂಚ ಕಮ್ಮಿ ಆಯ್ತಾ ಅಂದರೆ, ತಾಲ್ಲೂಕು ಕಚೇರಿಗೆ ಹೋಗಿ ಬಂದವರಿಗೆ ಉತ್ತರ ಗೊತ್ತು. ಲೋಕಾಯುಕ್ತರು ತನಿಖೆ ಮಾಡಿ ಶಿಫಾರಸು ಕಳಿಸಬಹುದು. ಕ್ರಮ ತಗೊಳ್ಳೋದು ಸರ್ಕಾರದ ಕೈಯಲ್ಲಿ. ಹಾಗಿದ್ದೂ ಅದು ಸುಮ್ನೆ ಬಿದ್ದಿದ್ದ ಸಂಸ್ಥೆಯಲ್ಲ. 2001ರಿಂದ ಲೋಕಾಯುಕ್ತರಾಗಿದ್ದ ಎನ್. ವೆಂಕಟಾಚಲ ಅವರ ದಿಢೀರ್ ಭೇಟಿಗಳು ಅದರ ಹೆಸರನ್ನು ಮನೆಮಾತು ಮಾಡಿದವು. 2011ರಲ್ಲಿ ಆಗಿನ ಲೋಕಾಯುಕ್ತ ಸಂತೋಷ್ ಹೆಗ್ಡೆಯವರ ಅಕ್ರಮ ಗಣಿಗಾರಿಕೆ ವರದಿ ಬಂದಾಗ ಆಗಿನ ಮುಖ್ಯಮಂತ್ರಿ ಯಡಿಯೂರಪ್ಪ ಕುರ್ಚಿ ಬಿಡಬೇಕಾಯಿತು. ಕಾನೂನು ಮಾಡಿದವರು ಅಧಿಕಾರದಿಂದ ಇಳಿದು 20 ವರ್ಷ ಕಳೆದ ಮೇಲೆ ಅದು ಕಚ್ಚಿತು! 2015ರಲ್ಲಿ ಲೋಕಾಯುಕ್ತ ಕಚೇರಿಯ ಒಳಗೇ ಲಂಚದ ಆರೋಪ ಬಂತು. 2016ರಲ್ಲಿ ಸರ್ಕಾರ ಎಸಿಬಿ (ಭ್ರಷ್ಟಾಚಾರ ನಿಗ್ರಹ ದಳ) ಅಂತ ಬೇರೆ ಸಂಸ್ಥೆ ಮಾಡಿ ಲೋಕಾಯುಕ್ತದ ಪೊಲೀಸ್ ಬಲ ಕಿತ್ತುಕೊಂಡಿತು. 2022ರಲ್ಲಿ ಹೈಕೋರ್ಟ್ ಎಸಿಬಿಯನ್ನು ರದ್ದು ಮಾಡಿ ಆ ಬಲವನ್ನು ವಾಪಸ್ ಕೊಡಿಸಿತು.

ಕನ್ನಡಕ್ಕೆ ಏನು ಮಾಡಿದರು?

ಆಡಳಿತದಲ್ಲಿ ಕನ್ನಡ ಬಳಕೆ ನೋಡಿಕೊಳ್ಳಲು ಕನ್ನಡ ಕಾವಲು ಸಮಿತಿ ಮಾಡಿದರು. ಮುಂದೆ ಅದೇ ಕನ್ನಡ ಅಭಿವೃದ್ಧಿ ಪ್ರಾಧಿಕಾರ ಆಯಿತು. ಸಮಿತಿಯ ಮೊದಲ ಅಧ್ಯಕ್ಷರು ಯಾರು ಗೊತ್ತಾ? 1983ರಲ್ಲಿ ಚಾಮುಂಡೇಶ್ವರಿಯಿಂದ ಮೊದಲ ಸಲ ಗೆದ್ದು ಬಂದಿದ್ದ ಸಿದ್ದರಾಮಯ್ಯ.

ಕನ್ನಡಿಗರಿಗೆ ಉದ್ಯೋಗದ ವಿಚಾರಕ್ಕೆ ಸರೋಜಿನಿ ಮಹಿಷಿ ಸಮಿತಿಯನ್ನೂ ನೇಮಿಸಿದರು. 1986ರಲ್ಲಿ 58 ಶಿಫಾರಸುಗಳ ವರದಿ ಬಂತು. ಅದನ್ನು ಜಾರಿ ಮಾಡಿ ಅಂತ ಈಗಲೂ ಪ್ರತಿ ನವೆಂಬರಿನಲ್ಲಿ ಮನವಿ ಹೋಗುತ್ತಿರುತ್ತದೆ.

ಡೊನೇಷನ್ ಹಾವಳಿ ನಿಲ್ಲಿಸ್ತೀವಿ ಅಂದಿದ್ದರಲ್ಲ?

ಕಾಯ್ದೆ ಮಾಡಿದರು, 1984ರಲ್ಲಿ. ಕಾಲೇಜುಗಳು ಕ್ಯಾಪಿಟೇಶನ್ ಶುಲ್ಕ ತಗೊಳ್ಳೋದು ಅಪರಾಧ ಅಂತ ಬರೆದರು. ಆಮೇಲೂ ಮೆಡಿಕಲ್, ಎಂಜಿನಿಯರಿಂಗ್ ಸೀಟಿಗೆ ಹಣ ಎಣಿಸಿದವರು ನಿಮ್ಮ ಬಳಗದಲ್ಲೇ ಇರುತ್ತಾರೆ. ಕರ್ನಾಟಕದ ಒಂದು ಖಾಸಗಿ ಮೆಡಿಕಲ್ ಕಾಲೇಜಿನ ಶುಲ್ಕದ ಜಗಳ ಸುಪ್ರೀಂ ಕೋರ್ಟಿಗೆ ಹೋಗಿ, 1992ರಲ್ಲಿ ಕ್ಯಾಪಿಟೇಶನ್ ಶುಲ್ಕದ ವಿರುದ್ಧ ದೊಡ್ಡ ತೀರ್ಪೇ ಬಂತು. ಈ ಕಾಯ್ದೆಯನ್ನು ಕಾಯೋಕೆ ಯಾರೂ ಇರಲಿಲ್ಲ. ಹಣ ಕೊಟ್ಟವರೂ ಬಾಯಿ ಬಿಡರು, ತಗೊಂಡವರೂ ಬಾಯಿ ಬಿಡರು. ಕಾಲೇಜು ನಡೆಸುವವರಲ್ಲಿ ಎಲ್ಲ ಪಕ್ಷದ ರಾಜಕಾರಣಿಗಳೂ ಇದ್ದರು.

## ಎಡವಿದ ಕಡೆ

1984ರಲ್ಲಿ ರಾಜೀನಾಮೆ ಕೊಟ್ಟಿದ್ದು ನಾಟಕನಾ?

ಅರ್ಧ ತತ್ವ, ಅರ್ಧ ಲೆಕ್ಕಾಚಾರ ಅಂತ ನನಗನ್ನಿಸುತ್ತದೆ. ಇಂದಿರಾ ಹತ್ಯೆಯ ನಂತರ 1984ರ ಡಿಸೆಂಬರಿನಲ್ಲಿ ನಡೆದ ಲೋಕಸಭೆ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ ಜನತಾ ಪಕ್ಷಕ್ಕೆ ಸಿಕ್ಕಿದ್ದು ನಾಲ್ಕೇ. "ಜನ ನಮ್ಮನ್ನು ಒಪ್ಪಿಲ್ಲ" ಅಂತ ಹೆಗಡೆ ರಾಜೀನಾಮೆ ಕೊಟ್ಟು ವಿಧಾನಸಭೆ ವಿಸರ್ಜನೆಗೆ ಹೋದರು. ಲೋಕಸಭೆಯಲ್ಲಿ ಸೋತರೆ ರಾಜ್ಯ ಸರ್ಕಾರ ಇಳಿಯಬೇಕು ಅಂತ ಯಾವ ಕಾನೂನೂ ಹೇಳೋದಿಲ್ಲ.

1985ರ ಮಾರ್ಚಿನಲ್ಲಿ ಅದೇ ಜನ 139 ಸ್ಥಾನ ಕೊಟ್ಟರು. ದೆಹಲಿಗೆ ರಾಜೀವ್, ಬೆಂಗಳೂರಿಗೆ ಹೆಗಡೆ ಅಂತ ಮತದಾರ ಎರಡೂವರೆ ತಿಂಗಳಲ್ಲಿ ಬೇರೆ ಬೇರೆ ತೀರ್ಪು ಬರೆದ. ಬೇರೆ ಪಕ್ಷಗಳ ಮುಲಾಜಿನಲ್ಲಿದ್ದ ಸರ್ಕಾರಕ್ಕೆ ಸ್ವಂತ ಬಹುಮತ ಸಿಕ್ಕಿತು. ತಪ್ಪೇನಿದೆ? ರಾಜಕಾರಣಿ ಲೆಕ್ಕ ಹಾಕಲೇಬೇಕು. ಆದರೆ ಇದನ್ನು ಶುದ್ಧ ತ್ಯಾಗ ಅಂತ ಬರೆಯೋದು ಜಾಸ್ತಿ ಆಯಿತು.

ಸಾರಾಯಿ ಬಾಟ್ಲಿಂಗ್ ಗಲಾಟೆ ಏನು?

ಸಾರಾಯಿ ಬಾಟಲಿಗೆ ತುಂಬುವ ಗುತ್ತಿಗೆಯನ್ನು ಖಾಸಗಿಯವರಿಗೆ ಕೊಟ್ಟ ರೀತಿಯನ್ನು ಹೈಕೋರ್ಟ್ ಕಟುವಾಗಿ ಟೀಕಿಸಿತು. 1986ರ ಫೆಬ್ರವರಿಯಲ್ಲಿ ಹೆಗಡೆ ರಾಜೀನಾಮೆ ಕೊಟ್ಟರು. ಶಾಸಕರು ಮುಗಿಬಿದ್ದು ಬೇಡಿಕೊಂಡರು. ಮೂರು ದಿನದಲ್ಲಿ ರಾಜೀನಾಮೆ ವಾಪಸ್.

ಕೊಟ್ಟು ಸುಮ್ಮನಿದ್ದಿದ್ದರೆ ಅವರ ಹೆಸರು ಎಲ್ಲಿಗೋ ಹೋಗುತ್ತಿತ್ತು, ಕೊಡದೇ ಇದ್ದಿದ್ದರೆ ಅದೊಂದು ಮಾಮೂಲಿ ಹಗರಣ ಆಗುತ್ತಿತ್ತು. ಕೊಟ್ಟು ವಾಪಸ್ ತಗೊಂಡದ್ದು ಮೌಲ್ಯದ ಮಾತಾಡುವವರಿಗೆ ಒಪ್ಪಲಿಲ್ಲ. ಆಗಿನ ರಾಜಕೀಯದ ಖರ್ಚೆಲ್ಲ ಅಬಕಾರಿ ಕಂಟ್ರಾಕ್ಟರುಗಳ ಜೇಬಿನ ಸುತ್ತ ತಿರುಗುತ್ತಿತ್ತು. ಹೊಸ ಸರ್ಕಾರ ಆ ದುಡ್ಡಿನ ದಾರಿಯನ್ನು ಮುಟ್ಟಲಿಲ್ಲ. ಸಾರಾಯಿ ರಾಜ್ಯದಲ್ಲಿ ನಿಂತಿದ್ದು 2007ರಲ್ಲಿ, ಬೇರೆಯವರ ಕಾಲದಲ್ಲಿ.

ಫೋನ್ ಕದ್ದು ಕೇಳಿದ್ದು ನಿಜನಾ?

ಅವರ ಸರ್ಕಾರದ ಕಾಲದಲ್ಲಿ ರಾಜಕಾರಣಿಗಳೂ ಸೇರಿ ಹಲವರ ಟೆಲಿಫೋನ್ ಕದ್ದಾಲಿಸಲು ಅನುಮತಿ ಕೊಟ್ಟ ವಿಷಯ 1988ರಲ್ಲಿ ಹೊರಬಂತು. ತಮ್ಮದೇ ಪಕ್ಷದವರ ಹೆಸರೂ ಅದರಲ್ಲಿತ್ತು. ಆಗಸ್ಟಿನಲ್ಲಿ ಹೆಗಡೆ ಇಳಿದರು, ಈ ಸಲ ವಾಪಸ್ ಬರಲಿಲ್ಲ. ಎಸ್.ಆರ್. ಬೊಮ್ಮಾಯಿ ಮುಖ್ಯಮಂತ್ರಿಯಾದರು. ಬೆಂಗಳೂರಿನ ಹೊರವಲಯದ ಜಮೀನನ್ನು ಬಿಲ್ಡರ್ ಒಬ್ಬರಿಗೆ ಅನುಕೂಲವಾಗುವಂತೆ ಕೊಟ್ಟ ವಿಚಾರದಲ್ಲಿ ಕುಲದೀಪ್ ಸಿಂಗ್ ಆಯೋಗ 1990ರಲ್ಲಿ ಅವರ ಮೇಲೆ ಬೆರಳು ತೋರಿಸಿತು. ಆಗ ಯೋಜನಾ ಆಯೋಗದ ಉಪಾಧ್ಯಕ್ಷರಾಗಿದ್ದ ಅವರು ಆ ಹುದ್ದೆಯನ್ನೂ ಬಿಟ್ಟರು.

ವಿಪರ್ಯಾಸ ನೋಡಿ. ಮುಖ್ಯಮಂತ್ರಿಯ ಅಧಿಕಾರವನ್ನು ಹಳ್ಳಿಗೆ ಹಂಚಿದವರು ಇವರೇ. ಗೃಹ ಇಲಾಖೆಯ ಕದ್ದಾಲಿಕೆ ಆದೇಶಕ್ಕೆ ಯಾವ ಕಡಿವಾಣವನ್ನೂ ಹಾಕದೆ ಬಿಟ್ಟವರೂ ಇವರೇ. ಮೊದಲಿನದಕ್ಕೆ ಕಾಯ್ದೆ ಇತ್ತು. ಎರಡನೆಯದಕ್ಕೆ "ನಾವು ಒಳ್ಳೆಯವರು, ದುರ್ಬಳಕೆ ಮಾಡೋದಿಲ್ಲ" ಅನ್ನೋ ನಂಬಿಕೆ ಮಾತ್ರ ಇತ್ತು.

## ಇನ್ನಷ್ಟು ಒಳಗಿನ ಪ್ರಶ್ನೆಗಳು

ಜಿಲ್ಲಾ ಪರಿಷತ್ತು ಅಷ್ಟು ಚೆನ್ನಾಗಿದ್ದರೆ ಉಳೀಲಿಲ್ಲ ಯಾಕೆ?

ಶಾಸಕರಿಗೆ ಬೇಡವಾಗಿತ್ತು. ಶಾಲೆಗೆ ಮೇಷ್ಟ್ರು ಬರಲಿಲ್ಲ, ಬೋರ್‌ವೆಲ್ ಕೆಟ್ಟಿತು ಅಂದರೆ ಜನ ಪ್ರಧಾನರ ಮನೆಗೆ ಹೋಗತೊಡಗಿದರು. ವರ್ಗಾವಣೆಗೆ ಅಧ್ಯಕ್ಷರ ಹತ್ತಿರ ಸಾಲು ನಿಂತಿತು. ಹಾಗಾದರೆ ಶಾಸಕರ ಮನೆ ಮುಂದೆ ಯಾರು ನಿಲ್ಲಬೇಕು? ಈ ಸಂಕಟ ಆಡಳಿತ ಪಕ್ಷ, ವಿರೋಧ ಪಕ್ಷ ಅನ್ನೋ ಭೇದವಿಲ್ಲದೆ ಎಲ್ಲರಿಗೂ ಇತ್ತು.

1989ರ ಚುನಾವಣೆಯಲ್ಲಿ ಕಾಂಗ್ರೆಸ್ 178 ಸ್ಥಾನ ಗೆದ್ದಿತು. ಬಂದವರು ಕಾಯ್ದೆಯನ್ನು ಹರಿದು ಹಾಕಲಿಲ್ಲ, ಅದರ ಅವಶ್ಯಕತೆಯೇ ಬರಲಿಲ್ಲ. ಐದು ವರ್ಷದ ಅವಧಿ ಮುಗಿದಾಗ ಹೊಸ ಚುನಾವಣೆ ನಡೆಸದೆ ಆಡಳಿತಾಧಿಕಾರಿಗಳನ್ನು ಕೂರಿಸಿದರು, ಅಷ್ಟೇ. ಸಂಸ್ಥೆ ಕಾಗದದ ಮೇಲೆ ಇತ್ತು, ಒಳಗೆ ಜನ ಆರಿಸಿದವರು ಇರಲಿಲ್ಲ.

ಆಮೇಲೆ ಪಂಚಾಯ್ತಿಗಳಿಗೆ ಸಂವಿಧಾನದಲ್ಲೇ ಜಾಗ ಕೊಟ್ಟ 73ನೇ ತಿದ್ದುಪಡಿ ಬಂದು, 1993ರಲ್ಲಿ ಈಗಿನ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಮಹಿಳೆಯರಿಗೆ ಮೂರನೇ ಒಂದು ಪಾಲು, ಮುಂದೆ ಅರ್ಧ ಪಾಲು ಸಿಕ್ಕಿತು. ಜಿಲ್ಲಾ ಮಟ್ಟದ ಹಳೆಯ ಗತ್ತು ಮಾತ್ರ ಮರಳಲಿಲ್ಲ. ಅದೂ ಹೋಗಲಿ, 2016ರಲ್ಲಿ ಆಯ್ಕೆಯಾದ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯ್ತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ಇಲ್ಲ. ಕ್ಷೇತ್ರ ವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು, ಹೀಗೆ ಒಂದಾದ ಮೇಲೊಂದು ಕಾರಣ. ಸರ್ಕಾರಗಳು ಬದಲಾದವು, ಪಕ್ಷಗಳು ಬದಲಾದವು, ಈ ವಿಷಯದಲ್ಲಿ ಎಲ್ಲರೂ ಒಂದೇ.

ಹಾಗಾದರೆ ಹೆಗಡೆ ಮಾತು ಉಳಿಸಿಕೊಂಡರಾ ಇಲ್ವಾ? ಒಂದೇ ಮಾತಲ್ಲಿ ಹೇಳಿ.

ಒಂದೇ ಮಾತಿನಲ್ಲಿ ಆಗೋದಿಲ್ಲ, ಎರಡರಲ್ಲಿ ಹೇಳುತ್ತೇನೆ. ತಮ್ಮ ಕೈಯಿಂದ ಬಿಟ್ಟುಕೊಟ್ಟು ಕಾನೂನು ಮಾಡಿದ ಕಡೆ ಉಳಿಸಿಕೊಂಡರು. ತಮ್ಮ ಒಳ್ಳೆಯತನವನ್ನೇ ಭರವಸೆಯಾಗಿ ಇಟ್ಟ ಕಡೆ ಉಳಿಸಿಕೊಳ್ಳಲಿಲ್ಲ.

ಆದ್ದರಿಂದ ಹೊಸ ನಾಯಕರು ಯಾರೇ ಬರಲಿ, ನಾನು ಮೊದಲು ನೋಡೋದು ಅವರು ಯಾವ ಅಧಿಕಾರವನ್ನು ಕಳೆದುಕೊಳ್ಳಲು ತಯಾರಿದ್ದಾರೆ ಅನ್ನೋದನ್ನು. ವರ್ಗಾವಣೆಯ ಅಧಿಕಾರವನ್ನಾ? ನೇಮಕಾತಿಯದನ್ನಾ? ಚುನಾವಣೆ ಮುಂದೂಡುವುದನ್ನಾ? ಕಾಯ್ದೆ ಆದ ಮೇಲೆ ಅದರ ನಿಯಮಗಳು ಗೆಜೆಟ್‌ನಲ್ಲಿ ಬಂದವಾ, ಬಜೆಟ್‌ನಲ್ಲಿ ಅದಕ್ಕೆ ದುಡ್ಡು ಇಟ್ಟರಾ ಅಂತಲೂ ನೋಡಿ. ನಿಯಮ ಬಾರದ ಕಾಯ್ದೆಗಳು ವಿಧಾನಸೌಧದ ಕಪಾಟಿನಲ್ಲಿ ಬೇಕಾದಷ್ಟಿವೆ.

ಬೊಮ್ಮಾಯಿ ತೀರ್ಪು ಅಂತಾರಲ್ಲ, ಅದಕ್ಕೂ ಈ ಕಥೆಗೂ ಸಂಬಂಧ ಇದೆಯಾ?

ಇದೆ. ಹೆಗಡೆ ನಂತರ ಬಂದ ಬೊಮ್ಮಾಯಿ ಸರ್ಕಾರವನ್ನು 1989ರ ಏಪ್ರಿಲ್‌ನಲ್ಲಿ, ಸದನದಲ್ಲಿ ಬಲ ತೋರಿಸಲು ಬಿಡದೆ, ರಾಜ್ಯಪಾಲರ ವರದಿಯ ಮೇಲೆ ವಜಾ ಮಾಡಲಾಯಿತು. ಅದನ್ನು ಪ್ರಶ್ನಿಸಿದ ಮೊಕದ್ದಮೆಯಲ್ಲಿ 1994ರಲ್ಲಿ ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ, ಬಹುಮತ ಇದೆಯೋ ಇಲ್ಲವೋ ಅನ್ನೋದು ರಾಜಭವನದಲ್ಲಿ ತೀರ್ಮಾನವಾಗುವ ವಿಷಯವಲ್ಲ, ಸದನದಲ್ಲೇ ಗೊತ್ತಾಗಬೇಕು ಅಂದಿತು. 1983ರ ಪ್ರಣಾಳಿಕೆಯಲ್ಲಿ ಇದನ್ನು ಯಾರೂ ಬರೆದಿರಲಿಲ್ಲ. ಬಯಸದೇ ಬಂದ ಬದಲಾವಣೆ ಇದು, ಇಡೀ ದೇಶಕ್ಕೇ ಬಂತು.

ಈಗಿನ ಗ್ಯಾರಂಟಿಗಳೂ ಭರವಸೆ ಉಳಿಸಿಕೊಂಡ ಹಾಗೇ ಅಲ್ವಾ?

ಖಂಡಿತ. 2023ರ ಮೇ 20ರಂದು ಸಿದ್ದರಾಮಯ್ಯ ಎರಡನೇ ಸಲ ಮುಖ್ಯಮಂತ್ರಿಯಾಗಿ ಪ್ರಮಾಣವಚನ ತಗೊಂಡರು, ಜೂನ್ 11ಕ್ಕೆ ಹೆಣ್ಣುಮಕ್ಕಳು ಟಿಕೆಟ್ ಇಲ್ಲದೆ ಬಸ್ ಹತ್ತಿದರು. ಆಗಸ್ಟಿನಲ್ಲಿ ಗೃಹಲಕ್ಷ್ಮಿಯ 2,000 ರೂಪಾಯಿ ಖಾತೆಗೆ ಬರತೊಡಗಿತು. ಮಂಡಲ ಪಂಚಾಯ್ತಿಗೆ ನಾಲ್ಕು ವರ್ಷ ಹಿಡಿದ ರಾಜ್ಯದಲ್ಲಿ ಇದು ಭಾರೀ ವೇಗ. ಬಡ ಮನೆಯ ಹೆಂಗಸಿಗೆ ಆ ದುಡ್ಡಿನಿಂದ ಆದ ಅನುಕೂಲವನ್ನು ಹಗುರವಾಗಿ ಮಾತಾಡುವವರ ಜೊತೆ ನನಗೆ ವಾದಕ್ಕೂ ಮನಸ್ಸಿಲ್ಲ.

ಆದರೆ ಅದು ಬೇರೆ ಬಗೆಯ ಭರವಸೆ. ದುಡ್ಡು ಮೇಲಿನಿಂದ ಬರುತ್ತದೆ, ಕೊಡುವ ಕೈ ಮೇಲೇ ಇರುತ್ತದೆ. 1987ರಲ್ಲಿ ಆದದ್ದು ಕೊಡುವ ಅಧಿಕಾರವೇ ಕೆಳಗೆ ಇಳಿದದ್ದು. ಅದಕ್ಕೇ ಗ್ಯಾರಂಟಿ ಜಾರಿಗೆ ಯಾವ ಶಾಸಕರೂ ಅಡ್ಡ ಬರಲಿಲ್ಲ, ಜಿಲ್ಲಾ ಪಂಚಾಯ್ತಿ ಚುನಾವಣೆ ಕೇಳಿದರೆ ಮಾತ್ರ ಎಲ್ಲರಿಗೂ ಏನೋ ತೊಡಕು ಎದುರಾಗುತ್ತದೆ.